ಗುಂಡಿಯ ಮೇಲೆ ಕ್ರಯ, ಕರಾರಿನಲ್ಲಿ ಚಾಲಗೇಣಿ

ಊರಿನ ಮನೆಯ ಅಟ್ಟದಲ್ಲಿ ಅಜ್ಜನ ಕಬ್ಬಿಣದ ಟ್ರಂಕು ಇದೆ. ಅದರ ತಳದಲ್ಲಿ ಬಟ್ಟೆ ಸುತ್ತಿಟ್ಟ ಒಂದು ಶುದ್ಧ ಕ್ರಯಪತ್ರ. ಛಾಪಾ ಕಾಗದದ ಮೇಲಿನ ಶಾಯಿ ಕಂದು ಬಣ್ಣಕ್ಕೆ ತಿರುಗಿದ್ದರೂ ಓದಲು ಕಷ್ಟವಿಲ್ಲ. ಚಕ್ಕುಬಂದಿಯ ವಿವರ ಮುಗಿದ ಮೇಲೆ ಬರೆದಿದ್ದಾರೆ: ಕೊಂಡವರು ಪುತ್ರಪೌತ್ರ ಪಾರಂಪರ್ಯವಾಗಿ ಈ ಸ್ವತ್ತನ್ನು ಅನುಭವಿಸಿಕೊಂಡು ಬರಬಹುದು, ಮಾರಿದವನಿಗಾಗಲಿ ಅವನ ವಾರಸುದಾರರಿಗಾಗಲಿ ಇನ್ನು ಮುಂದೆ ಅದರಲ್ಲಿ ಯಾವ ಹಕ್ಕೂ ಇಲ್ಲ. ಅಂದು ಹಣ ಕೈ ಬದಲಾಯಿತು, ಮಾತು ಮುಗಿಯಿತು.

ಒಂದು ವಸ್ತು ನಮ್ಮ ಕೈಗೆ ಬರುವ ಪ್ರತಿಯೊಂದು ಬಗೆಗೂ ಕನ್ನಡದಲ್ಲಿ ಪ್ರತ್ಯೇಕ ಹೆಸರಿದೆ. ಕ್ರಯ, ಭೋಗ್ಯ, ಬಾಡಿಗೆ, ಗುತ್ತಿಗೆ, ಎರವಲು. ಗೇಣಿಯಲ್ಲೇ ಎರಡು ಬಗೆ ಎಂದು ಕರಾವಳಿಯ ಹಿರಿಯರು ಹೇಳುತ್ತಾರೆ. ಮೂಲಗೇಣಿದಾರನಿಗೆ ಗೇಣಿ ನಿಗದಿ, ಸಾಗುವಳಿ ಶಾಶ್ವತ. ಚಾಲಗೇಣಿದಾರನಿಗೆ ಎರಡೂ ಇಲ್ಲ. ವರ್ಷ ತಿರುಗಿದಾಗ ಧಣಿ ಗೇಣಿ ಏರಿಸಬಹುದು, ಷರತ್ತು ಬದಲಿಸಬಹುದು, ಎದ್ದು ಹೋಗು ಎನ್ನಬಹುದು. ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ತಂದು ಡಿಕ್ಲರೇಷನ್ ಬರೆಸಿಕೊಳ್ಳತೊಡಗಿದಾಗ ಎಷ್ಟೋ ಕುಟುಂಬಗಳಿಗೆ ಕಳೆದದ್ದು ಈ ಚಾಲಗೇಣಿಯ ಭಯವೇ.

ಕಳೆದ ಕೆಲವು ವರ್ಷಗಳಿಂದ ನನ್ನ ತಲೆಯಲ್ಲಿ ಆ ಹಳೆಯ ಪದ ಸುತ್ತುತ್ತಿದೆ. ಕಾರಣ ನಮ್ಮ ಫೋನು, ಟಿವಿ, ಕಂಪ್ಯೂಟರು ಮತ್ತು ಅವುಗಳಲ್ಲಿರುವ ಆಟ, ಸಿನಿಮಾ, ಪುಸ್ತಕ. ತೆರೆಯ ಮೇಲಿನ ಗುಂಡಿ 'ಖರೀದಿಸಿ' ಎನ್ನುತ್ತದೆ. ಅದನ್ನು ಒತ್ತಿದಾಗ ನಾವು ಒಪ್ಪುವ ಕರಾರು ಮಾತ್ರ ಚಾಲಗೇಣಿಯದು.

ಇದು ಎಷ್ಟು ನಿಜವೆಂದು ತಿಳಿಯಲು 'ದ ಕ್ರೂ' ಎಂಬ ಕಾರ್ ರೇಸಿನ ಆಟದ ಕಥೆ ಸಾಕು. ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ 2014ರ ಡಿಸೆಂಬರ್‌ನಲ್ಲಿ ಇದನ್ನು ಬಿಡುಗಡೆ ಮಾಡಿತು. ಇಡೀ ಅಮೆರಿಕವನ್ನು ಕುಗ್ಗಿಸಿ ಆಟದೊಳಗೆ ಕೂರಿಸಿದ್ದರು. ಪೂರ್ವದ ನ್ಯೂಯಾರ್ಕಿನಿಂದ ಹೊರಟರೆ ಬಯಲು, ಮರುಭೂಮಿ, ಹಿಮದ ಬೆಟ್ಟಗಳನ್ನು ದಾಟಿ ಪಶ್ಚಿಮ ಕರಾವಳಿ ಸೇರಲು ಮುಕ್ಕಾಲು ಗಂಟೆಯ ಆಸುಪಾಸು ಹಿಡಿಯುತ್ತಿತ್ತು. ಪಂದ್ಯ ಗೆಲ್ಲುವ ಹಂಬಲವಿಲ್ಲದವರೂ ಸುಮ್ಮನೆ ರಾತ್ರಿ ಹೊತ್ತು ಆ ಹೆದ್ದಾರಿಗಳಲ್ಲಿ ಗಾಡಿ ಓಡಿಸುತ್ತಿದ್ದರು. ಒಂದೇ ಒಂದು ಕಟ್ಟಳೆ: ಒಬ್ಬರೇ ಆಡಿದರೂ ಆಟ ಯೂಬಿಸಾಫ್ಟಿನ ಸರ್ವರ್ ಜೊತೆ ಸಂಪರ್ಕದಲ್ಲಿರಬೇಕು.

2023ರ ಡಿಸೆಂಬರ್‌ನಲ್ಲಿ ಕಂಪನಿ ಈ ಆಟದ ಮಾರಾಟ ನಿಲ್ಲಿಸಿತು. 2024ರ ಮಾರ್ಚ್ 31ರಂದು ಸರ್ವರ್ ಆರಿಸಿತು. ಸರ್ವರ್ ವ್ಯವಸ್ಥೆ ಮತ್ತು ಪರವಾನಗಿಗಳ ಮಿತಿ ಇದಕ್ಕೆ ಕಾರಣ ಎಂದಿತು. ಅಂದಿನಿಂದ ಅಂಗಡಿಯಲ್ಲಿ ಡಿಸ್ಕ್ ಕೊಂಡವರಿಗೂ ಆಟ ತೆರೆಯಲಿಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಇದು ಹಳೆಯ ಆಟವೊಂದು ಮುಗಿದ ಸುದ್ದಿಯಾಗಿ ಉಳಿಯುತ್ತಿತ್ತೇನೋ. ಆದರೆ ಮುಂದಿನ ದಿನಗಳಲ್ಲಿ ಆಟಗಾರರು ತಮ್ಮ ಖಾತೆ ತೆರೆದು ನೋಡಿದರೆ ಆಟದ ಪರವಾನಗಿಯನ್ನೇ ಹಿಂತೆಗೆದುಕೊಂಡಿದ್ದರು. ಓಡದ ಗಾಡಿಯನ್ನಾದರೂ ಅಂಗಳದಲ್ಲಿ ಇಟ್ಟುಕೊಳ್ಳೋಣ ಎಂದವರ ಅಂಗಳದಿಂದ ಗಾಡಿಯನ್ನೇ ಎಳೆದೊಯ್ದಂತೆ.

ಆ ಏಪ್ರಿಲ್‌ನಲ್ಲೇ ರಾಸ್ ಸ್ಕಾಟ್ ಎಂಬ ಯೂಟ್ಯೂಬ್ ವಿಡಿಯೊಕಾರ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಆರಂಭಿಸಿದರು. ಬೇಡಿಕೆ ಅತಿಯಾದದ್ದೇನೂ ಅಲ್ಲ. ಸರ್ವರನ್ನು ಎಂದೆಂದಿಗೂ ನಡೆಸಿ ಎಂದು ಅವರು ಕೇಳಲಿಲ್ಲ. ಬಾಗಿಲು ಮುಚ್ಚುವ ಮುನ್ನ, ಕೊಂಡವರು ತಮ್ಮ ಪಾಡಿಗೆ ಆಡಿಕೊಳ್ಳುವಂತೆ ಆಟವನ್ನು ಬಿಟ್ಟುಹೋಗಿ ಎಂದರು. ಐರೋಪ್ಯ ಒಕ್ಕೂಟದಲ್ಲಿ ನಾಗರಿಕರು ಒಂದು ವರ್ಷದೊಳಗೆ ಹತ್ತು ಲಕ್ಷ ಸಹಿ ಸಂಗ್ರಹಿಸಿದರೆ ಐರೋಪ್ಯ ಆಯೋಗ ಆ ವಿಷಯವನ್ನು ಪರಿಶೀಲಿಸಿ ಉತ್ತರ ಕೊಡಲೇಬೇಕು. 2025ರ ಜೂನ್‌ವರೆಗೂ ಈ ದಾರಿ ಹಿಡಿದ ಚಳವಳಿಗೆ ಸಹಿಗಳು ಅರ್ಧಕ್ಕೂ ಬಂದಿರಲಿಲ್ಲ. ಆಮೇಲೆ ಕೆಲವೇ ವಾರಗಳಲ್ಲಿ ಕಟ್ಟೆಯೊಡೆದಂತೆ ಬಂದವು. ಜುಲೈ ಮೊದಲ ವಾರದಲ್ಲಿ ಹತ್ತು ಲಕ್ಷ ದಾಟಿತು, ತಿಂಗಳ ಕೊನೆಗೆ ಗಡುವು ಮುಗಿಯುವಾಗ ಹದಿನಾಲ್ಕು ಲಕ್ಷ ಮೀರಿತ್ತು. ಇಂಥ ನಿಯಮ ಬಂದರೆ ಆನ್‌ಲೈನ್ ಆಟ ತಯಾರಿಸುವುದು ಕೈಗೆಟುಕದಷ್ಟು ದುಬಾರಿಯಾಗುತ್ತದೆ ಎಂದು ಯುರೋಪಿನ ಆಟ ತಯಾರಕರ ಸಂಘ ವಾದಿಸಿತು. ಯೂಬಿಸಾಫ್ಟ್ ಮಾತ್ರ 'ದ ಕ್ರೂ' ಸರಣಿಯ ಎರಡನೆಯ ಆಟಕ್ಕೆ ಇಂಟರ್‌ನೆಟ್ ಇಲ್ಲದೆ ಆಡುವ ವ್ಯವಸ್ಥೆಯನ್ನು 2025ರಲ್ಲಿ ತಾನೇ ಕೊಟ್ಟಿತು. ಮನಸ್ಸು ಮಾಡಿದರೆ ಆಗುತ್ತದೆ ಎಂಬುದಕ್ಕೆ ಇನ್ನು ಬೇರೆ ಸಾಕ್ಷಿ ಬೇಕಿರಲಿಲ್ಲ.

ಒಂದು ಆಟಕ್ಕೆ ಇಷ್ಟೆಲ್ಲ ಗಲಾಟೆ ಏಕೆ ಎಂದು ಕೇಳುವವರಿದ್ದಾರೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2010ಕ್ಕೆ ಮೊದಲು ಆ ದೇಶದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ 87ರಷ್ಟು ಈಗ ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ ಎಂದು ಅದು ಕಂಡುಕೊಂಡಿತು. ಹಾಡು, ಚಿತ್ರ, ಕಥೆ, ಗಣಿತ ಎಲ್ಲವೂ ಸೇರಿ ಆಗುವ ಕಲೆಯೊಂದು ಹುಟ್ಟಿದ ಐವತ್ತು ವರ್ಷಗಳಲ್ಲೇ ಹೀಗೆ ಕೈತಪ್ಪುವುದು ಸಣ್ಣ ನಷ್ಟವೆಂದು ನನಗೆ ಅನ್ನಿಸುವುದಿಲ್ಲ.

ಈಗ ಕರಾರಿಗೆ ಬರೋಣ. ಮಾರಿದ ಮೇಲೂ ವಸ್ತುವಿನ ಮೇಲೆ ಹಿಡಿತ ಇಟ್ಟುಕೊಳ್ಳುವ ಆಸೆ ವ್ಯಾಪಾರಿಗಳಿಗೆ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾಬ್ಸ್-ಮೆರಿಲ್ ಎಂಬ ಅಮೆರಿಕದ ಪ್ರಕಾಶನ ಸಂಸ್ಥೆ ತನ್ನ ಕಾದಂಬರಿಯೊಂದರ ಒಳಪುಟದಲ್ಲಿ ಒಂದು ಸೂಚನೆ ಅಚ್ಚು ಹಾಕಿತು. ಇದನ್ನು ಒಂದು ಡಾಲರಿಗಿಂತ ಕಡಿಮೆಗೆ ಮಾರುವಂತಿಲ್ಲ, ಮಾರಿದರೆ ಕೃತಿಸ್ವಾಮ್ಯದ ಉಲ್ಲಂಘನೆ ಎಂದು. ನ್ಯೂಯಾರ್ಕಿನ ಮೇಸೀಸ್ ಮಳಿಗೆಯವರು 89 ಸೆಂಟಿಗೆ ಮಾರಿದರು. ಮೊಕದ್ದಮೆ ಸುಪ್ರೀಂ ಕೋರ್ಟ್ ತಲುಪಿತು. ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟವನ್ನು ಪ್ರಕಾಶಕರು ನಿಯಂತ್ರಿಸಲಾರರು ಎಂದು 1908ರಲ್ಲಿ ತೀರ್ಪು ಬಂತು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೂ ಪುಸ್ತಕದ ವಿಷಯದಲ್ಲಿ ಈಗಾಗಲೇ ಚಲಾವಣೆಯಲ್ಲಿರುವ ಪ್ರತಿಗಳನ್ನು ಕರ್ತೃವಿನ ಹಿಡಿತದಿಂದ ಹೊರಗಿಟ್ಟಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯ ಪಾದಚಾರಿ ದಾರಿಯಲ್ಲಿ ಹಳೆಯ ಪಠ್ಯಪುಸ್ತಕಗಳ ರಾಶಿ ಹಾಕಿ ಮಾರುವವರು ಯಾವ ಪ್ರಕಾಶಕರ ಅಪ್ಪಣೆಗೂ ಕಾಯಬೇಕಿಲ್ಲ. ಅರ್ಧ ಬೆಲೆಗೆ ಕೊಂಡ ಪುಸ್ತಕದಲ್ಲಿ ಓದಿ ಎಂಜಿನಿಯರ್, ಡಾಕ್ಟರ್ ಆದವರಿಗೆ ಈ ಹಕ್ಕಿನ ಬೆಲೆ ಗೊತ್ತು.

ಡಿಜಿಟಲ್ ವ್ಯಾಪಾರ ಈ ಹಕ್ಕನ್ನು ಪಕ್ಕದ ದಾರಿಯಿಂದ ದಾಟಿಹೋಯಿತು. ನಾವು ನಿಮಗೆ ಪ್ರತಿಯನ್ನು ಮಾರುತ್ತಲೇ ಇಲ್ಲ, ಬಳಸಲು ಅನುಮತಿ ಕೊಡುತ್ತಿದ್ದೇವೆ ಎಂದಿತು. ಅನುಮತಿಯನ್ನು ಮರುಮಾರಾಟ ಮಾಡುವಂತಿಲ್ಲ, ಮಕ್ಕಳಿಗೆ ಬಿಟ್ಟುಹೋಗುವಂತಿಲ್ಲ, ಕೊಟ್ಟವರು ಹಿಂದಕ್ಕೆ ಪಡೆಯಬಹುದು. ಇದರ ಅರ್ಥ ಜನಕ್ಕೆ ಮೊದಲ ಸಲ ಹೊಳೆದದ್ದು 2009ರ ಜುಲೈನಲ್ಲಿ. ಅಮೆಜಾನ್ ತನ್ನ ಕಿಂಡಲ್ ಓದುಗರ ಸಾಧನಗಳಿಂದ ಜಾರ್ಜ್ ಆರ್ವೆಲ್ಲನ '1984' ಮತ್ತು 'ಅನಿಮಲ್ ಫಾರ್ಮ್' ಕಾದಂಬರಿಗಳ ಒಂದು ಆವೃತ್ತಿಯನ್ನು ದೂರದಿಂದಲೇ ಅಳಿಸಿತು. ಅದನ್ನು ಮಾರಾಟಕ್ಕಿಟ್ಟವರಿಗೆ ಹಕ್ಕು ಇರಲಿಲ್ಲ ಎಂಬುದು ಕಾರಣ. ಹಣ ಮರಳಿಸಿದರು. ಆದರೆ ಶಾಲೆಯ ಅಭ್ಯಾಸಕ್ಕೆಂದು ಆ ಪುಸ್ತಕದ ಅಂಚಿನಲ್ಲಿ ಟಿಪ್ಪಣಿ ಬರೆದಿಟ್ಟಿದ್ದ ವಿದ್ಯಾರ್ಥಿಯೊಬ್ಬನಿಗೆ ಪುಸ್ತಕ ಹೋದ ಮೇಲೆ ಅವು ಉಪಯೋಗಕ್ಕೆ ಬಾರದಾದವು, ಅವನು ನ್ಯಾಯಾಲಯಕ್ಕೆ ಹೋದ. ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಬಹಿರಂಗವಾಗಿ ಕ್ಷಮೆ ಕೇಳಿದರು, ಪ್ರಕರಣ ರಾಜಿಯಲ್ಲಿ ಮುಗಿಯಿತು. ಹದಿನೈದೂವರೆ ವರ್ಷಗಳ ಬಳಿಕ, 2025ರ ಫೆಬ್ರುವರಿ 26ರಂದು, ಕೊಂಡ ಇ-ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ಕಿಂಡಲ್‌ಗೆ ಹಾಕಿಕೊಳ್ಳುವ ದಾರಿಯನ್ನೂ ಅದೇ ಕಂಪನಿ ಮುಚ್ಚಿತು. ನನಗೆ ಹೆಚ್ಚು ಕಳವಳ ತರುವುದು ಈ ಎರಡನೆಯ ಘಟನೆ. ಮೊದಲನೆಯದು ತಪ್ಪು, ಒಪ್ಪಿಕೊಂಡರು. ಎರಡನೆಯದು ನೀತಿ.

ಕ್ಯಾಲಿಫೋರ್ನಿಯಾ ರಾಜ್ಯ ಕೊನೆಗೂ ಪದದ ಮೇಲೆ ಕೈಯಿಟ್ಟಿತು. 2025ರ ಜನವರಿ 1ರಿಂದ ಜಾರಿಗೆ ಬಂದ ಅಲ್ಲಿನ ಕಾನೂನಿನ ಪ್ರಕಾರ, ಗಿರಾಕಿಗೆ ಸಿಗುತ್ತಿರುವುದು ಬರೀ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿನ ಮೇಲೆ 'ಖರೀದಿ' ಎಂಬ ಪದ ಬಳಸುವಂತಿಲ್ಲ. ಕಂಪ್ಯೂಟರ್ ಆಟಗಳ ಅತಿದೊಡ್ಡ ಅಂಗಡಿಯಾದ ಸ್ಟೀಮ್, ಹಣ ಕಟ್ಟುವ ಪುಟದಲ್ಲಿ ಇದನ್ನು ಹೇಳುವ ಸಾಲೊಂದನ್ನು 2024ರ ಅಕ್ಟೋಬರ್‌ನಲ್ಲೇ ಸೇರಿಸಿತು. ಸದಾ ಬಳಸಬಹುದಾದ ರೀತಿಯಲ್ಲಿ ಪೂರ್ತಿ ಇಳಿಸಿಕೊಳ್ಳಲು ಬಿಡುವ ಸರಕಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಪೋಲೆಂಡಿನ ಜಿಓಜಿ ಎಂಬ ಅಂಗಡಿ ಅಂಥದ್ದು. ಅಲ್ಲಿ ಕೊಂಡ ಆಟವನ್ನು ಪೆನ್‌ಡ್ರೈವಿಗೆ ಹಾಕಿ ಟ್ರಂಕಿನಲ್ಲಿ ಇಡಬಹುದು.

ಪರವಾನಗಿಯ ಜೊತೆಗೆ ಇನ್ನೊಂದು ಸಾಲು ಬಹುತೇಕ ಎಲ್ಲ ಕರಾರುಗಳಲ್ಲೂ ಇರುತ್ತದೆ: ಈ ಷರತ್ತುಗಳನ್ನು ನಾವು ಕಾಲಕಾಲಕ್ಕೆ ಬದಲಿಸಬಹುದು, ಬಳಕೆ ಮುಂದುವರಿಸಿದರೆ ನೀವು ಒಪ್ಪಿದಂತೆ. ಇಡೀ ವ್ಯವಹಾರದ ಕೀಲಿ ಇರುವುದು ಇಲ್ಲಿ. ಸೋನಿ ಕಂಪನಿಯ ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರ ಬಂದಾಗ ಅದರಲ್ಲಿ ಲಿನಕ್ಸ್ ಎಂಬ ಮುಕ್ತ ತಂತ್ರಾಂಶ ಹಾಕಿ ಪೂರ್ಣ ಪ್ರಮಾಣದ ಕಂಪ್ಯೂಟರಿನಂತೆ ಬಳಸುವ ಅವಕಾಶವಿತ್ತು, ಹಾಗೆಂದೇ ಪ್ರಚಾರವೂ ನಡೆದಿತ್ತು. ಅಮೆರಿಕದ ವಾಯುಪಡೆ 1,700ಕ್ಕೂ ಹೆಚ್ಚು ಪ್ಲೇಸ್ಟೇಷನ್‌ಗಳನ್ನು ಜೋಡಿಸಿ ಸೂಪರ್ ಕಂಪ್ಯೂಟರ್ ಕಟ್ಟಿತು. 2010ರ ಏಪ್ರಿಲ್ 1ರಂದು ಬಂದ ಅಪ್‌ಡೇಟ್ ಆ ಅವಕಾಶವನ್ನು ಕಿತ್ತುಹಾಕಿತು. ಭದ್ರತೆಯ ಕಾರಣ ಕೊಟ್ಟರು. ಅಪ್‌ಡೇಟ್ ಬೇಡವೆಂದರೆ ಬೇಡ, ಆದರೆ ಆಗ ಆನ್‌ಲೈನ್‌ನಲ್ಲಿ ಆಡುವಂತಿಲ್ಲ. ದುಡ್ಡು ಕೊಟ್ಟು ಕೊಂಡ ಎರಡು ಅನುಕೂಲಗಳಲ್ಲಿ ಯಾವುದನ್ನು ಕಳೆದುಕೊಳ್ಳುತ್ತೀರಿ ಎಂದು ಕೊಂಡವರನ್ನೇ ಕೇಳಿದಂತಾಯಿತು. ಈ ವಿಚಾರದ ಸಾಮೂಹಿಕ ಮೊಕದ್ದಮೆ ಮುಗಿದು ಪರಿಹಾರದ ಮಾತು ಬರುವಷ್ಟರಲ್ಲಿ ಸುಮಾರು ಎಂಟು ವರ್ಷ ಕಳೆದಿತ್ತು.

ನಮ್ಮ ಕಡೆ ಆಟವೆಂದರೆ ಬಹುಪಾಲು ಫೋನಿನ ಆಟ. ಇಲ್ಲಿ ಆಟ ಬಿಟ್ಟಿ, ಒಳಗಿನ ಸ್ಕಿನ್, ಬಂದೂಕು, ಪಾಸ್‌ಗಳಿಗೆ ಹಣ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರದ ಆದೇಶದಿಂದ ನಿಂತಿತು. ಅದರ ಜಾಗಕ್ಕೆ 2021ರಲ್ಲಿ ಬಂದ ಬಿಜಿಎಂಐ 2022ರ ಜುಲೈನಲ್ಲಿ ಅಂಗಡಿಯಿಂದ ಕಣ್ಮರೆಯಾಗಿ 2023ರ ಮೇ ತಿಂಗಳಲ್ಲಿ ಮರಳಿತು. ಅಲ್ಲಿ ಷರತ್ತು ಬದಲಿಸಿದ್ದು ಕಂಪನಿಯಲ್ಲ, ನಿಜ. ಆದರೂ ಟಾಪ್ ಅಪ್ ಮಾಡಿದ ಹುಡುಗರು ಕಲಿತ ಪಾಠ ಒಂದೇ: ಕೂಡಿಟ್ಟದ್ದೆಲ್ಲ ಇರುವುದು ಬೇರೆಯವರ ಕಣಜದಲ್ಲಿ.

ಸಿನಿಮಾ, ಧಾರಾವಾಹಿ ನೋಡುವವರ ಸಂಗತಿ ಸ್ವಲ್ಪ ಬೇರೆ. ಓಟಿಟಿಗೆ ಕಟ್ಟುವುದು ಚಂದಾ. ಅದು ಬಾಡಿಗೆಯೆಂದು ಎಲ್ಲರಿಗೂ ಗೊತ್ತು, ಅದರಲ್ಲಿ ಮೋಸವಿಲ್ಲ. ಬಾಡಿಗೆದಾರ ಕೇಳುವುದು ಇಷ್ಟೇ: ಕರಾರಿನ ಅವಧಿ ಮುಗಿಯುವವರೆಗೆ ಒಪ್ಪಿದ ಮನೆಯೇ ಇರಲಿ. ನಡುವೆ ಬಂದು ಒಂದು ಕೋಣೆಗೆ ಬೀಗ ಹಾಕಬೇಡಿ.

ಅಮೆಜಾನ್ ಪ್ರೈಮ್ ವಿಡಿಯೊ 2025ರ ಜೂನ್ 17ರಿಂದ ಭಾರತದಲ್ಲಿ ಜಾಹೀರಾತು ತೋರಿಸಲು ಆರಂಭಿಸಿತು. ಜಾಹೀರಾತು ಬೇಡವಾದರೆ ವರ್ಷಕ್ಕೆ 699 ರೂಪಾಯಿ ಅಥವಾ ತಿಂಗಳಿಗೆ 129 ರೂಪಾಯಿ ಹೆಚ್ಚುವರಿ. ವರ್ಷದ 1,499 ರೂಪಾಯಿಯನ್ನು ಅದಾಗಲೇ ಕಟ್ಟಿದ್ದವರ ಚಂದಾ ಇನ್ನೂ ನಡೆಯುತ್ತಿತ್ತು. ಬೆಲೆ ಏರಿತೇ? ಇಲ್ಲ. ಬೆಲೆ ಅಷ್ಟೇ ಇದ್ದು ಅದಕ್ಕೆ ಸಿಗುವುದು ಕಡಿಮೆಯಾಯಿತು. ಅಮೆರಿಕದಲ್ಲಿ ಇದೇ ಬದಲಾವಣೆಯನ್ನು ಚಂದಾದಾರರು ಪ್ರಶ್ನಿಸಿದಾಗ ಅಲ್ಲಿನ ಫೆಡರಲ್ ನ್ಯಾಯಾಲಯ 2025ರಲ್ಲಿ ಅವರ ದಾವೆಯನ್ನು ತಳ್ಳಿಹಾಕಿತು. ಸೌಲಭ್ಯ ಕಡಿಮೆ ಮಾಡುವುದು ಬೆಲೆ ಏರಿಸಿದಂತಲ್ಲ, ಸೌಲಭ್ಯ ಬದಲಿಸಲು ಕರಾರು ಬಿಟ್ಟಿದೆ ಎಂಬ ದಿಕ್ಕಿನಲ್ಲಿ ಅದು ಯೋಚಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಜರ್ಮನಿಯ ಮ್ಯೂನಿಕ್‌ನ ನ್ಯಾಯಾಲಯ ಗ್ರಾಹಕ ಸಂಘಟನೆಯ ಪರವಾಗಿ ನಿಂತಿತು. ಚಂದಾದಾರರ ಒಪ್ಪಿಗೆ ಕೇಳದೆ ಬರೀ ಇಮೇಲ್ ಕಳಿಸಿ ಜಾಹೀರಾತು ತುರುಕುವಂತಿಲ್ಲ ಎಂದಿತು.

ಅಮೆರಿಕದ ಆ ತರ್ಕವನ್ನು ಓದಿದಾಗ ನನಗೆ ನೆನಪಾದದ್ದು ಸಾಗರ ತಾಲ್ಲೂಕಿನ ಕಾಗೋಡು. 1951ರಲ್ಲಿ ಅಲ್ಲಿನ ದೀವರ ಗೇಣಿದಾರರು ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಎದ್ದುನಿಂತಾಗ ಅವರ ಮುಖ್ಯ ತಕರಾರು ಭತ್ತ ಅಳೆಯುವ ಕೊಳಗದ್ದು. ಎಷ್ಟು ಕೊಳಗ ಭತ್ತ ಅಳೆಯಬೇಕು ಎಂಬ ಲೆಕ್ಕ ಹಾಗೆಯೇ ಇರುತ್ತಿತ್ತು, ಧಣಿಗಳು ಗೇಣಿ ಅಳೆಸಿಕೊಳ್ಳುವ ಕೊಳಗ ಮಾತ್ರ ದೊಡ್ಡದಿರುತ್ತಿತ್ತು. ಆ ಜನರ ಹಸಿವಿಗೂ ಸಿನಿಮಾದ ನಡುವೆ ಬರುವ ಜಾಹೀರಾತಿಗೂ ಹೋಲಿಕೆ ಮಾಡುವುದು ಅನ್ಯಾಯ, ನಾನು ಮಾಡುವುದೂ ಇಲ್ಲ. ಆದರೆ ಅಂಕಿಯನ್ನು ಮುಟ್ಟದೆ ಅಳತೆಯನ್ನು ಬದಲಿಸುವ ಉಪಾಯ ಅವರಿಗೆ ಅರ್ಥವಾಗಿತ್ತು. ಕೋರ್ಟಿಗೂ ಅರ್ಥವಾಗಬೇಕಿತ್ತು.

ನೆಟ್‌ಫ್ಲಿಕ್ಸ್ 2017ರಲ್ಲಿ ಪಾಸ್‌ವರ್ಡ್ ಹಂಚಿಕೊಳ್ಳುವುದೇ ಪ್ರೀತಿ ಎಂಬ ಅರ್ಥದ ಟ್ವೀಟ್ ಮಾಡಿತ್ತು. 2023ರ ಜುಲೈನಲ್ಲಿ ಭಾರತದ ಚಂದಾದಾರರಿಗೆ ಬಂದ ಸಂದೇಶ ಬೇರೆಯಾಗಿತ್ತು: ಒಂದು ಖಾತೆ ಒಂದು ಮನೆಯವರಿಗೆ ಮಾತ್ರ. ಮನೆ ಎಂದರೆ ಯಾವುದು? ಮಗ ಬೆಂಗಳೂರಿನ ಪಿಜಿಯಲ್ಲಿ, ಮಗಳು ಮಂಗಳೂರಿನ ಹಾಸ್ಟೆಲ್‌ನಲ್ಲಿ, ಅಪ್ಪ ಅಮ್ಮ ತೀರ್ಥಹಳ್ಳಿಯಲ್ಲಿ ಇದ್ದರೆ ಹಬ್ಬಕ್ಕೆ ಎಲ್ಲರೂ ಒಂದೇ ಮನೆಗೆ ಬರುತ್ತಾರೆ, ರೇಷನ್ ಕಾರ್ಡಿನಲ್ಲೂ ಒಂದೇ ಮನೆಯವರು. ಕಂಪನಿಯ ಲೆಕ್ಕದಲ್ಲಿ ಮನೆ ಎಂದರೆ ಒಂದು ವೈಫೈ.

ಕಲರ್ಸ್ ಕನ್ನಡದ ಧಾರಾವಾಹಿ, ಬಿಗ್ ಬಾಸ್ ನೋಡುವವರು ಇನ್ನೊಂದು ಬಗೆಯ ವಲಸೆ ಕಂಡರು. ಮೊದಲು ವೂಟ್. 2023ರಲ್ಲಿ ವೂಟ್ ಜಿಯೊಸಿನಿಮಾದೊಳಗೆ ಸೇರಿತು. 2025ರ ಫೆಬ್ರುವರಿ 14ರಂದು ಜಿಯೊಸಿನಿಮಾ ಮತ್ತು ಡಿಸ್ನಿ ಪ್ಲಸ್ ಹಾಟ್‌ಸ್ಟಾರ್ ಕೂಡಿ ಜಿಯೊಹಾಟ್‌ಸ್ಟಾರ್ ಆಯಿತು. ಎರಡೇ ವರ್ಷಗಳಲ್ಲಿ ಮೂರು ಆ್ಯಪ್. ಪ್ರತಿ ಸಲವೂ ಹೊಸ ಲಾಗಿನ್, ಹೊಸ ಪ್ಲಾನ್. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತುವ ಹಿರಿಯರು ಪಕ್ಕದ ಮನೆ ಹುಡುಗನನ್ನು ಕರೆಯಬೇಕಾಯಿತು. ಐಪಿಎಲ್ ಕೂಡ ಹಾಗೆಯೇ. 2023 ಮತ್ತು 2024ರಲ್ಲಿ ಜಿಯೊಸಿನಿಮಾ ಪಂದ್ಯಗಳನ್ನು ಪುಕ್ಕಟೆ ತೋರಿಸಿ ಕೋಟ್ಯಂತರ ಜನರಿಗೆ ರೂಢಿ ಮಾಡಿಸಿತು. 2025ರಲ್ಲಿ ಕೆಲವು ನಿಮಿಷ ಪುಕ್ಕಟೆ, ಆಮೇಲೆ ಚಂದಾ ಅಥವಾ ಅದರೊಂದಿಗೆ ಬರುವ ರೀಚಾರ್ಜ್. ಆರ್‌ಸಿಬಿ ಹದಿನೆಂಟನೆಯ ಪ್ರಯತ್ನದಲ್ಲಿ ಕಪ್ ಎತ್ತಿದ್ದು ಅದೇ ವರ್ಷ.

ಆದರೂ ಆಟ, ಸಿನಿಮಾ ಎಷ್ಟೆಂದರೂ ಮನರಂಜನೆ. ಕೈಯಲ್ಲಿ ಹಿಡಿಯುವ ಯಂತ್ರದ ಮೇಲೂ ಇದೇ ಹಿಡಿತ ಬಂದಾಗ ಮಾತು ಗಂಭೀರವಾಗುತ್ತದೆ.

ನಮ್ಮ ಮನೆಯ ಪ್ರಿಂಟರಿಗೆ ಮೂರು ವರ್ಷದಿಂದ ಬೇರೆ ಕಂಪನಿಯ ಅಗ್ಗದ ಇಂಕ್ ಹಾಕುತ್ತಿದ್ದೆವು. ಒಂದು ರಾತ್ರಿ ಅದು ತಾನಾಗಿ ಅಪ್‌ಡೇಟ್ ಆಯಿತು. ಬೆಳಗ್ಗೆ ಮಗಳ ಹಾಲ್ ಟಿಕೆಟ್ ತೆಗೆಯಲು ಹೋದರೆ ಈ ಕಾರ್ಟ್ರಿಜ್ ನಡೆಯುವುದಿಲ್ಲ ಎಂಬ ಸಾಲು. ಹಿಂದಿನ ದಿನ ಅದೇ ಕಾರ್ಟ್ರಿಜ್‌ನಲ್ಲಿ ಹತ್ತು ಹಾಳೆ ಅಚ್ಚಾಗಿತ್ತು. ಯಂತ್ರ ನನ್ನದು, ವಿದ್ಯುತ್ ನನ್ನದು, ಕಾಗದ ನನ್ನದು. ಯಾವ ಶಾಯಿ ಎಂದು ತೀರ್ಮಾನಿಸುವವರು ಮಾತ್ರ ಎಲ್ಲೋ ಇದ್ದರು. ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಗೆ ಓಡಿದೆ. ಅಂದಿನ ಸಿಟ್ಟು ಇನ್ನೂ ಆರಿಲ್ಲ.

ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಬೆಂಬಲ ನಿಲ್ಲಿಸಿತು. ಹತ್ತು ವರ್ಷ ನಡೆಸಿದ್ದು ಕಡಿಮೆಯಲ್ಲ ಎಂಬುದನ್ನು ಒಪ್ಪಬೇಕು. ತೊಡಕು ಇರುವುದು ಮುಂದಿನ ಮೆಟ್ಟಿಲಿನಲ್ಲಿ. ವಿಂಡೋಸ್ 11 ಹಾಕಲು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಮತ್ತು ಹೊಸ ತಲೆಮಾರಿನ ಪ್ರೊಸೆಸರ್ ಇರಲೇಬೇಕು. ಡಿಟಿಪಿ ಕೇಂದ್ರ, ಸಹಕಾರಿ ಸಂಘ, ಹಳ್ಳಿಯ ಪ್ರೌಢಶಾಲೆಗಳಲ್ಲಿ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಹಳೆಯ ಕಂಪ್ಯೂಟರುಗಳಿಗೆ ಆ ಯೋಗ್ಯತೆ ಇಲ್ಲ. ಅವು ಇನ್ನೂ ಓಡುತ್ತವೆ, ಆದರೆ ಹೊಸ ವೈರಸ್‌ಗಳಿಂದ ಕಾಯುವವರಿಲ್ಲ. ಹೆಚ್ಚುವರಿ ಒಂದು ವರ್ಷದ ರಕ್ಷಣೆಗೆ 30 ಡಾಲರ್ ಕೇಳಿದರು. ಹಣ ಕೊಡದವರಿಗೆ ಮೈಕ್ರೋಸಾಫ್ಟ್ ಖಾತೆ ತೆರೆದು ಕಂಪ್ಯೂಟರಿನ ಸೆಟ್ಟಿಂಗ್‌ಗಳನ್ನು ಅದರ ಕ್ಲೌಡ್‌ಗೆ ಕಳಿಸುವುದು ಒಂದು ದಾರಿಯಾಗಿತ್ತು. ಗ್ರಾಹಕ ಸಂಘಟನೆಗಳು ಜಗಳ ಕಾಯ್ದ ಯುರೋಪಿನ ದೇಶಗಳಲ್ಲಿ ಮಾತ್ರ ಹಣವಿಲ್ಲದೆ, ಈ ಕಳಿಸುವ ಷರತ್ತೂ ಇಲ್ಲದೆ ಕೊಟ್ಟರು. ಇಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿದರೆ ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಕೊಡುವವರಿದ್ದಾರೆ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಕಾರ್ಯಕರ್ತರು ಕಾಲೇಜುಗಳಲ್ಲಿ ವರ್ಷಗಳಿಂದ ಇದನ್ನೇ ಕಲಿಸುತ್ತ ಬಂದಿದ್ದಾರೆ. ಅವರ ಮಾತನ್ನು ನಾವು ಇನ್ನಷ್ಟು ಮೊದಲೇ ಕೇಳಬೇಕಿತ್ತು.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಜಿಯೊಫೋನ್. 2017ರಲ್ಲಿ 1,500 ರೂಪಾಯಿಯ ಠೇವಣಿಗೆ ಕೊಟ್ಟ ಆ ಗುಂಡಿ ಫೋನಿಗೆ 2018ರ ಸೆಪ್ಟೆಂಬರ್‌ನಲ್ಲಿ ವಾಟ್ಸ್‌ಆ್ಯಪ್ ಬಂತು. ಬೆರಳು ಜಾರಿಸುವ ಫೋನು ಕೊಳ್ಳಲಾಗದವರಿಗೆ, ಗುಂಡಿಯ ಮೇಲೆಯೇ ಕೈ ಪಳಗಿದ ಹಿರಿಯರಿಗೆ ಮೊಮ್ಮಕ್ಕಳ ದನಿ, ಚಿತ್ರ ತಲುಪತೊಡಗಿತು. ಓದಲು ಬರೆಯಲು ಬಾರದವರೂ ದನಿ ಸಂದೇಶ ಕಳಿಸಲು ಕಲಿತರು. ಆ ಫೋನಿನೊಳಗಿನ ಕೈಓಎಸ್ ವ್ಯವಸ್ಥೆಗೆ ಹೊಸದಾಗಿ ವಾಟ್ಸ್‌ಆ್ಯಪ್ ಕೊಡುವುದನ್ನು 2024ರ ಜೂನ್‌ನಲ್ಲಿ ನಿಲ್ಲಿಸಿದರು. ಇದ್ದವರಿಗೂ 2025ರ ಆರಂಭದವರೆಗೆ ಮಾತ್ರ ಎಂದರು. ಫೋನು ಕೆಟ್ಟಿಲ್ಲ, ಬ್ಯಾಟರಿ ನಿಲ್ಲುತ್ತದೆ, ಕರೆ ಬರುತ್ತದೆ. ಮೊಮ್ಮಗಳ ದನಿ ಬರುವುದಿಲ್ಲ. ಗೇಮರುಗಳಿಗೆ ಹದಿನಾಲ್ಕು ಲಕ್ಷ ಸಹಿ ಸಿಕ್ಕಿತು. ಈ ಜನರ ಪರವಾಗಿ ಸಹಿ ಸಂಗ್ರಹಿಸಿದವರು ಯಾರೂ ನನ್ನ ಕಣ್ಣಿಗೆ ಬೀಳಲಿಲ್ಲ.

ಕಂಪನಿಗಳ ಕಡೆಯಿಂದಲೂ ನೋಡಬೇಕು. ಸರ್ವರಿಗೆ ವಿದ್ಯುತ್, ಬಾಡಿಗೆ, ನೋಡಿಕೊಳ್ಳುವ ಎಂಜಿನಿಯರುಗಳ ಸಂಬಳ ಇದೆ. ಆಟದೊಳಗಿನ ಕಾರಿನ ಹೆಸರಿಗೆ, ಹಿನ್ನೆಲೆಯ ಹಾಡಿಗೆ ಅವರೂ ಯಾರಿಗೋ ಗೇಣಿ ಕಟ್ಟುತ್ತಾರೆ, ಅದರ ಅವಧಿಯೂ ಮುಗಿಯುತ್ತದೆ. ಹಳೆಯ ಫೋನುಗಳಿಗೆಲ್ಲ ಭದ್ರತೆ ಒದಗಿಸುತ್ತ ಹೋಗುವುದು ಕಷ್ಟವೇ. ಯಾವುದೂ ಶಾಶ್ವತವಾಗಿರಲಿ ಎಂದು ಬುದ್ಧಿಯಿದ್ದವರು ಕೇಳುವುದಿಲ್ಲ. ಮುಚ್ಚುವುದನ್ನು ಮರ್ಯಾದೆಯಿಂದ ಮುಚ್ಚಬಹುದು. ಗೂಗಲ್ ತನ್ನ ಸ್ಟೇಡಿಯ ಎಂಬ ಆಟದ ಸೇವೆಯನ್ನು 2023ರ ಜನವರಿ 18ರಂದು ನಿಲ್ಲಿಸಿದಾಗ, ತನ್ನ ಅಂಗಡಿಯಲ್ಲಿ ಜನ ಕೊಂಡಿದ್ದ ಆಟಗಳ ಮತ್ತು ಸಾಧನಗಳ ಹಣ ಮರಳಿಸಿತು. ಆಡಲು ಬಳಸುತ್ತಿದ್ದ ಕಂಟ್ರೋಲರ್ ಕಸದ ಬುಟ್ಟಿಗೆ ಹೋಗದಿರಲೆಂದು ಅದನ್ನು ಬ್ಲೂಟೂತ್ ಮೂಲಕ ಬೇರೆ ಕಂಪ್ಯೂಟರಿಗೆ ಜೋಡಿಸುವ ದಾರಿಯನ್ನೂ ತೆರೆಯಿತು.

ಗಟ್ಟಿಯಾಗಿ ಹೇಳಿದರೆ ಕೇಳಿಸಿಕೊಳ್ಳುತ್ತಾರೆ ಎಂಬುದಕ್ಕೂ ಇತಿಹಾಸವಿದೆ. ಎಕ್ಸ್‌ಬಾಕ್ಸ್ ಒನ್ ಎಂಬ ತನ್ನ ಆಟದ ಯಂತ್ರ ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಹೋಗಿ ಹಾಜರಿ ಹಾಕಬೇಕು, ಹಳೆಯ ಡಿಸ್ಕ್ ಕೈಬದಲಾಯಿಸಲು ನಿರ್ಬಂಧ ಇರುತ್ತದೆ ಎಂದು ಮೈಕ್ರೋಸಾಫ್ಟ್ 2013ರ ಜೂನ್‌ನಲ್ಲಿ ಪ್ರಕಟಿಸಿ, ಜನರ ಸಿಟ್ಟು ಕಂಡು ಅದೇ ತಿಂಗಳು ಹಿಂದೆಗೆಯಿತು. ಆಟ ಕಟ್ಟುವ ತಂತ್ರಾಂಶ ಮಾರುವ ಯೂನಿಟಿ ಕಂಪನಿ, ಆಟದ ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಎಂದು 2023ರ ಸೆಪ್ಟೆಂಬರ್‌ನಲ್ಲಿ ಹೇಳಿ ಸಣ್ಣ ಸಣ್ಣ ಆಟ ತಯಾರಕರ ನಿದ್ದೆಗೆಡಿಸಿತು, ಒಂದು ವರ್ಷದ ನಂತರ ಅದನ್ನು ರದ್ದು ಮಾಡಿತು. ಹಣ ಕೊಟ್ಟು ಕೊಂಡಿದ್ದ ಡಿಸ್ಕವರಿಯ ಕಾರ್ಯಕ್ರಮಗಳನ್ನು ಗಿರಾಕಿಗಳ ಖಾತೆಯಿಂದ ತೆಗೆಯುವುದಾಗಿ 2023ರ ಕೊನೆಗೆ ಹೇಳಿದ್ದ ಸೋನಿಯೂ ವಾರಗಳಲ್ಲೇ ಮಾತು ಬದಲಿಸಿತು.

ನಮ್ಮ ದೇಶದ ಕಾನೂನಿನಲ್ಲಿ ಒಂದು ಅಸ್ತ್ರವಿದೆ, ಬಳಸಿದವರು ಕಡಿಮೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 'ಅನುಚಿತ ಕರಾರು' ಎಂಬ ಪರಿಕಲ್ಪನೆ ತಂದಿತು. ಸಮಂಜಸ ಕಾರಣವಿಲ್ಲದೆ ಒಂದೇ ಪಕ್ಷಕ್ಕೆ ಕರಾರು ಮುರಿಯುವ ಅಧಿಕಾರ ಕೊಡುವುದು, ಗ್ರಾಹಕನ ಮೇಲೆ ಅಸಮಂಜಸ ಷರತ್ತು ಹೇರಿ ಅವನನ್ನು ಅನನುಕೂಲಕ್ಕೆ ತಳ್ಳುವುದು ಅದರ ವ್ಯಾಪ್ತಿಗೆ ಬರುತ್ತವೆ. ಇಂಥ ದೂರನ್ನು ಜಿಲ್ಲಾ ಆಯೋಗದಲ್ಲಿ ಕೊಡಲಾಗದು, ರಾಜ್ಯ ಆಯೋಗಕ್ಕೇ ಹೋಗಬೇಕು. ಕೆಲವು ನೂರು ರೂಪಾಯಿಯ ಚಂದಾಕ್ಕಾಗಿ ರಾಯಚೂರಿನವರು ರಾಜ್ಯ ಆಯೋಗದವರೆಗೆ ಹೋಗಿ ವಕೀಲರನ್ನು ಹಿಡಿಯುತ್ತಾರೆಯೇ? ಜಿಲ್ಲೆಯಲ್ಲೇ ಕೇಳುವಂತೆ ಕಾಯ್ದೆ ತಿದ್ದಬೇಕು. 2023ರ ನವೆಂಬರ್‌ನಲ್ಲಿ ಹೊರಟ ಮಾರ್ಗಸೂಚಿ ಜಾಲತಾಣಗಳ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದೆ. ಸೇರಲು ಒಂದು ಗುಂಡಿ, ಬಿಡಲು ಹತ್ತು ಪುಟ ಎಂಬ ಚಂದಾ ಬಲೆ ಅದರಲ್ಲೊಂದು. ಸಿಕ್ಕಿಬಿದ್ದವರು 1915ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು.

ಸರಳ ನಿಯಮವೊಂದು ಎಷ್ಟು ಕೆಲಸ ಮಾಡಬಲ್ಲದು ಎಂಬುದಕ್ಕೆ ರಿಸರ್ವ್ ಬ್ಯಾಂಕ್ ಉದಾಹರಣೆ. ತಾನಾಗಿ ಕಡಿತವಾಗುವ ಚಂದಾಕ್ಕೆ ಕನಿಷ್ಠ 24 ಗಂಟೆ ಮೊದಲು ಸಂದೇಶ ಬರಲೇಬೇಕು ಎಂಬುದು 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಆಗ ಕಂಪನಿಗಳು ಗೊಣಗಿದವು. ಈಗ ಆ ಸಂದೇಶ ನೋಡಿ, ಮರೆತೇಹೋಗಿದ್ದ ಚಂದಾ ನಿಲ್ಲಿಸಿದವರು ನನ್ನ ಪರಿಚಯದಲ್ಲೇ ಐದಾರು ಮಂದಿ ಇದ್ದಾರೆ. ಹಣಕ್ಕೆ ಇರುವ ಈ ಮುನ್ಸೂಚನೆ ಷರತ್ತಿಗೂ ಇರಲಿ. ಕರಾರು ಬದಲಾಗುವುದಾದರೆ ಯಾವ ಸಾಲು ಏನಾಗುತ್ತಿದೆ ಎಂದು ಕನ್ನಡದಲ್ಲಿ, ಒಂದು ಪುಟದೊಳಗೆ ಹೇಳಲಿ. ಒಪ್ಪದವರಿಗೆ ಉಳಿದ ಅವಧಿಯ ಹಣ ಮರಳಿಸಲಿ. ಸಾಧನ ಮಾರುವಾಗ ಎಷ್ಟು ವರ್ಷ ಅಪ್‌ಡೇಟ್ ಕೊಡುತ್ತೇವೆ ಎಂಬುದನ್ನು ಎಂಆರ್‌ಪಿಯ ಪಕ್ಕದಲ್ಲೇ ಅಚ್ಚು ಹಾಕಲಿ. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಫೋನಿನ ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ಅಪ್‌ಡೇಟ್ ಕೊಡಲೇಬೇಕೆಂಬ ನಿಯಮ ಬಂದಿದೆ. ಅಲ್ಲಿಗೆ ಫೋನು ಕಳಿಸುವ ಕಂಪನಿಗಳೇ ಇಲ್ಲಿಯೂ ಮಾರುತ್ತಿರುವುದು.

'ದ ಕ್ರೂ' ಕಥೆ 2024ರಲ್ಲಿ ಮುಗಿಯಲಿಲ್ಲ. ಸರ್ವರ್ ಆರುವ ಮುನ್ನವೇ ಕೆಲವು ಆಟಗಾರರು ತಮ್ಮ ಕಂಪ್ಯೂಟರಿಗೂ ಕಂಪನಿಗೂ ನಡುವೆ ಓಡಾಡುತ್ತಿದ್ದ ಮಾಹಿತಿಯನ್ನು ದಾಖಲು ಮಾಡಿಟ್ಟುಕೊಂಡಿದ್ದರು. ಸರ್ವರ್ ಏನು ಉತ್ತರ ಕೊಡುತ್ತಿತ್ತು ಎಂಬುದನ್ನು ಅದರಿಂದ ಬಿಡಿಸಿ ತಿಳಿದು, ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ತಾವೇ ಒಂದು ಸರ್ವರ್ ಬರೆದರು. 2025ರ ಸೆಪ್ಟೆಂಬರ್‌ನಲ್ಲಿ 'ದ ಕ್ರೂ ಅನ್‌ಲಿಮಿಟೆಡ್' ಎಂಬ ಹೆಸರಿನಲ್ಲಿ ಅದನ್ನು ಎಲ್ಲರಿಗೂ ಬಿಟ್ಟರು. ಆಟದ ಫೈಲುಗಳನ್ನು ಅಳಿಸದೆ ಹಾರ್ಡ್ ಡಿಸ್ಕಿನಲ್ಲಿ ಉಳಿಸಿಕೊಂಡಿದ್ದವರು ಒಂದೂವರೆ ವರ್ಷದ ನಂತರ ಮತ್ತೆ ಆ ಹೆದ್ದಾರಿಗೆ ಗಾಡಿ ಇಳಿಸಿದರು, ಈ ಸಲ ಇಂಟರ್‌ನೆಟ್ ಇಲ್ಲದೆಯೂ.